ಐದು ಮನೆಯ ಕೋಣೆ

ನಮ್ಮ ಊರಿನಲ್ಲಿ ಗಾರೆ ಕೆಲಸದವರು ಯಾರೂ ಇಲ್ಲ. ಇದ್ದ ಒಬ್ಬರೂ ಕೆಲಸ ಸಿಗದೆ ಬೇಸತ್ತು ಬಾವಿ ತೋಡಲು ಬೇರೆ ಕಡೆ ಹೋದರು. ಹೊರಗಿನಿಂದ ಬಂದವರು ಇಲ್ಲಿ ಒಂದು ಮನೆಯಲ್ಲಿ ದಿನವೂ ಉಂಡರೆ ಆ ಮನೆಗೆ ಒಂದು ಕೋಣೆ ತಾನಾಗಿ ಬೆಳೆಯುತ್ತದೆ. ಮೊದಲ ಊಟಕ್ಕೆ ಗೋಡೆ ಬೆವರುತ್ತದೆ. ವಾರದೊಳಗೆ ಉಬ್ಬುತ್ತದೆ. ಇಪ್ಪತ್ತು, ಇಪ್ಪತ್ತೆರಡು ದಿನ ಕಳೆದರೆ ನೆಲ, ಸೂರು, ಬಾಗಿಲು, ಕಿಟಕಿ ಸಮೇತ ಕೋಣೆ ಸಿದ್ಧ. ಇದರಲ್ಲಿ ಕಣ್ಣರಳಿಸುವಂಥದ್ದೇನೂ ನಮಗೆ ಕಂಡಿಲ್ಲ. ನಮ್ಮ ತಲೆನೋವುಗಳೇ ಬೇರೆ. ಕೋಣೆ ಬಚ್ಚಲ ಮೋರಿಯ ಮೇಲೆ ಬೆಳೆದರೆ ಏನು ಮಾಡುವುದು, ಬಟ್ಟೆ ಒಣಗಿಸುವ ಹಗ್ಗವನ್ನು ಎಲ್ಲಿಗೆ ಸರಿಸುವುದು, ಹೊಸ ಗೋಡೆ ಪಕ್ಕದವರ ನುಗ್ಗೆಮರಕ್ಕೆ ತಾಗಿದರೆ ಕಾಯಿ ಯಾರದು, ಇಂಥವು. ಚೆನ್ನಾಗಿ ಉಣ್ಣುವವರ ಕೋಣೆಗೆ ಸೂರು ಎತ್ತರ. ಕರಿಬೇವಿನ ಎಸಳನ್ನು ಆರಿಸಿ ಆರಿಸಿ ತಟ್ಟೆಯ ಅಂಚಿಗಿಡುವವರ ಕೋಣೆಯ ಗೋಡೆಯಲ್ಲಿ ಸಾಮಾನಿಡಲು ಒಂದು ಗೂಡೂ ಇರುವುದಿಲ್ಲ. ಇದು ನಾನು ಅಳೆದು ನೋಡಿದ ಮಾತು.

ನಾನು ಇಲ್ಲಿನ ವಿಶ್ವವಿದ್ಯಾಲಯದ ವಸತಿ ಕಚೇರಿಯಲ್ಲಿ ಕೋಣೆ ಅಳೆಯುವವನು. ಅಳತೆ ಬೋರಯ್ಯ ಅಂದರೆ ಊರಿಗೆಲ್ಲ ಗೊತ್ತು. ಮೊದಲ ವರ್ಷಕ್ಕೇ ಬಂದು ಸೇರುವ ಹುಡುಗ ಹುಡುಗಿಯರಿಗೆ ಹಾಸ್ಟೆಲ್ ಇದೆ. ಅದು ಸಿಮೆಂಟಿನದು, ಎಷ್ಟು ಉಂಡರೂ ಜಪ್ಪಯ್ಯ ಅನ್ನುವುದಿಲ್ಲ. ಹಾಸ್ಟೆಲ್ ನಂಬರು ಇದ್ದವರಿಗೆ ಮಾತ್ರ ಮೆಸ್ಸಿನಲ್ಲಿ ತಟ್ಟೆ. ಬೇರೆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದು ನಡುವೆ ಇಲ್ಲಿಗೆ ಬರುವ ವರ್ಗಾವಣೆ ವಿದ್ಯಾರ್ಥಿಗಳಿಗೆ ಹಾಸ್ಟೆಲೂ ಇಲ್ಲ, ಮೆಸ್ಸೂ ಇಲ್ಲ. ಊರಿನಲ್ಲಿ ಹೋಟೆಲಂತೂ ಮೊದಲೇ ಇಲ್ಲ. ಮನೆಮನೆಯವರೂ ಕೈಹಿಡಿದು ಕರೆಯುವಾಗ ಹೋಟೆಲಿಗೆ ಹೋಗುವವರು ಯಾರು? ಹಾಗಾಗಿ ಈ ಮಕ್ಕಳು ಒಂದು ಮನೆ ಹಿಡಿದು, ಉಂಡು, ಮೂವತ್ತು ದಿನದೊಳಗೆ ಕೋಣೆ ಬರಿಸಿಕೊಳ್ಳಬೇಕು. ನಾನು ಹೋಗಿ ಟೇಪು ಹಿಡಿದು, ಮನೆಯವರ ಸಹಿ ಹಾಕಿಸಿ, ವಾಸದ ಚೀಟಿಯನ್ನು ಕುಲಸಚಿವರ ಮೇಜಿಗೆ ಒಯ್ಯಬೇಕು. ಚೀಟಿ ಇಲ್ಲದಿದ್ದರೆ ಮೂವತ್ತೊಂದನೆಯ ದಿನ ಪ್ರವೇಶ ರದ್ದು.

ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಹಾಗೆ ವಾಪಸು ಹೋದವರು ಇಬ್ಬರೇ. ಒಬ್ಬ ಬರೀ ಬಿಸ್ಕತ್ತು ತಿಂದುಕೊಂಡಿದ್ದ. ಇನ್ನೊಬ್ಬ ಉಂಡ ಮನೆಯವರ ಜೊತೆ ಕ್ರಿಕೆಟ್ಟಿನ ವಿಷಯಕ್ಕೆ ಜಗಳ ಆಡಿಕೊಂಡ. ಮೂರನೆಯವಳು ದಾಕ್ಷಾಯಣಿ ಆಗುವುದರಲ್ಲಿದ್ದಳು. ಅವಳ ಕಥೆಯನ್ನೇ ಹೇಳಲು ಹೊರಟಿದ್ದೇನೆ. ನಡುನಡುವೆ ಹೊಗಳಿಕೆ ಸ್ವಲ್ಪ ಹೆಚ್ಚಾದರೆ ಮನ್ನಿಸಬೇಕು. ಅವಳ ಮನಸ್ಸಿನೊಳಗಿನ ಮಾತುಗಳೆಲ್ಲ ಆಮೇಲೆ ಅವಳೇ ನನಗೆ ಹೇಳಿದ್ದು.

ದಾಕ್ಷಾಯಣಿ ಜೋಳದ ಸೀಮೆಯವಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಬೀಜಗಳ ಬಗ್ಗೆ ಎರಡು ವರ್ಷ ಓದಿದ್ದಳು. ಮೂರನೆಯ ವರ್ಷ ಶುರುವಾಗುವಷ್ಟರಲ್ಲಿ ವಿದ್ಯಾರ್ಥಿಗಳು ಸಾಲದೆಂದು ಆ ವಿಭಾಗವನ್ನೇ ಮುಚ್ಚಿದರು. ಆ ಎರಡು ವರ್ಷವನ್ನು ಲೆಕ್ಕಕ್ಕೆ ಹಿಡಿದುಕೊಂಡು ಅವಳನ್ನು ಸೇರಿಸಿಕೊಳ್ಳಲು ಒಪ್ಪಿದ್ದು ನಮ್ಮ ವಿಶ್ವವಿದ್ಯಾಲಯ ಒಂದೇ, ಅದೂ ಈ ವರ್ಷಕ್ಕೆ ಮಾತ್ರ. ಇಲ್ಲಿ ಚೀಟಿ ತಪ್ಪಿದರೆ ಎರಡು ವರ್ಷದ ಓದು ನೀರಿನಲ್ಲಿ ಹೋಮ. ಒಂದು ತಗಡಿನ ಟ್ರಂಕು, ಬಟ್ಟೆಯ ಗಂಟಿನಲ್ಲಿ ಒಣರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಅವಳು ನಮ್ಮ ಕಚೇರಿಯ ಮೆಟ್ಟಿಲು ಹತ್ತಿದಳು. ಕೋಣೆ ಬರುವ ತನಕ ಮಲಗಲು ಹಳೇ ಕಡತಗಳ ರೂಮು ತೋರಿಸಿ, ‘ಒಂದು ಮನೆ ಹಿಡಿಯಮ್ಮ, ಹಿಡಿದ ಮನೆ ಬಿಡಬೇಡ’ ಎಂದು ಹೇಳಿ ನಾನು ಮನೆಗೆ ಟೀ ಕುಡಿಯಲು ಹೋದೆ. ಅಲ್ಲೇ ನಾನು ಎಡವಿದ್ದು.

ನಾನು ಟೀ ಮುಗಿಸಿ ಬರುವಷ್ಟರಲ್ಲಿ ಗಾಣದ ಬೀದಿಯ ಐದು ಮನೆಯವರು ಜಗುಲಿಯಲ್ಲಿ ಅವಳನ್ನು ಸುತ್ತಿಕೊಂಡಿದ್ದರು. ಆ ಬೀದಿ ಊರಿನ ಒಂದು ಮೂಲೆಗಿದೆ. ವಿದ್ಯಾರ್ಥಿಗಳು ಪೇಟೆ ಬೀದಿಯ ದೊಡ್ಡ ಮನೆಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ನಾಲ್ಕು ವರ್ಷದಿಂದ ಅಲ್ಲಿ ಒಂದು ಗೋಡೆಯೂ ಬೆವರಿರಲಿಲ್ಲ. ಕೋಣೆ ಬೆಳೆಯದ ಮನೆಯವರಿಗೆ ನಮ್ಮಲ್ಲಿ ಮದುವೆ ಮುಂಜಿಗಳಲ್ಲಿ ಹಿಂದಿನ ಸಾಲಿನಲ್ಲೇ ಜಾಗ. ಹಾಲಿನ ಡೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಪುಟ್ಟತಾಯಮ್ಮ ಅವಳ ಬಲಗೈ ಹಿಡಿದಿದ್ದರು. ಕುಕ್ಕರ್ ರಿಪೇರಿ ಮಾಡುವ ಬಷೀರ್ ಸಾಬರ ಹೆಂಡತಿ ಜುಬೇದಾ ಎಡಗೈ ಹಿಡಿದಿದ್ದರು. ಎದುರಿಗೆ ಟೈಲರ್ ತಿಪ್ಪೇಸ್ವಾಮಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಶೇಷಾದ್ರಿ, ಹಿಟ್ಟಿನ ಗಿರಣಿಯ ಅಕ್ಕತಂಗಿಯರು. ಎಲ್ಲರ ಬಾಯಲ್ಲೂ ಒಂದೇ ಮಾತು, ನಮ್ಮನೆಗೆ ಬಾ.

ದಾಕ್ಷಾಯಣಿಯ ಸೀಮೆಯಲ್ಲಿ ಊಟಕ್ಕೆ ಕರೆದವರಿಗೆ ಒಲ್ಲೆ ಅನ್ನುವುದು ಮುಖಕ್ಕೆ ಹೊಡೆದ ಹಾಗೆ. ಒಬ್ಬರಿಗೆ ಹೂಂ ಅಂದು ನಾಲ್ವರಿಗೆ ಊಹೂಂ ಅನ್ನುವುದು ಅವಳಿಂದ ಆಗಲಿಲ್ಲ.

“ಎಲ್ಲಾರ ಮನಿಗೂ ಬರ್ತೇನ್ರಿ. ದಿನಕ್ಕ ಒಂದ್ ಮನಿ. ಆತಲ್ರಿ?” ಅಂದಳು.

ಎಲ್ಲರ ಮುಖವೂ ಅರಳಿತು. ನಾನು ತಡೆಯಬೇಕಿತ್ತು. ಆ ಐದು ಮನೆಯವರ ಸಂತೋಷ ನೋಡಿ ತಡೆಯಲಿಲ್ಲ, ಅದು ನನ್ನ ತಪ್ಪೇ.

ಹಾಗೆ ಶುರುವಾಯಿತು. ಬಂದ ದಿನವೇ ಪುಟ್ಟತಾಯಮ್ಮನ ಮನೆ, ಮೂವತ್ತು ದಿನದ ಎಣಿಕೆ ಮಾರನೆಯ ದಿನದಿಂದ. ಅವರ ಕೈ ದೊಡ್ಡದು, ನಾಲಗೆ ಅದಕ್ಕಿಂತ ದೊಡ್ಡದು. ತಟ್ಟೆಯಲ್ಲಿ ರಾಗಿಮುದ್ದೆ ಇಟ್ಟು ಸುತ್ತ ಸೊಪ್ಪಿನ ಸಾರು ಬಿಟ್ಟರು. ದಾಕ್ಷಾಯಣಿ ಮುದ್ದೆಯನ್ನು ಮುರಿದು ರೊಟ್ಟಿಯ ಹಾಗೆ ಅಗಿಯತೊಡಗಿದಳು.

“ಅಯ್ಯೋ ನನ್ ತಾಯೇ, ಅದನ್ನ ಅಗೀತಾರಾ? ಸಾರಲ್ಲಿ ಹೊರಳಿಸಿ ಗುಳುಕ್ ಅಂತ ನುಂಗು.”

“ನುಂಗಿದ್ರ ಗಂಟಲಾಗ ಸಿಕ್ಕೊಳ್ಳಂಗಿಲ್ರೀ?”

“ನಮ್ಮೂರಲ್ಲಿ ಮುದ್ದೆ ಸಿಕ್ಕೊಂಡು ಸತ್ತೋರು ಯಾರೂ ಇಲ್ಲ. ನೀನೇ ಮೊದಲನೆಯವಳಾದ್ರೆ ಹೆಸರಾದ್ರೂ ಬರುತ್ತೆ, ನುಂಗು.”

ಅವಳು ಕಣ್ಣು ಮುಚ್ಚಿ ನುಂಗಿದಳು. ಮೂರನೆಯ ತುತ್ತಿಗೆ ಕಣ್ಣು ಬಿಟ್ಟು ನಕ್ಕಳು. ಹಿತ್ತಿಲ ಗೋಡೆ ಆಗಲೇ ಬೆವರಿತ್ತು. ಪುಟ್ಟತಾಯಮ್ಮ ಸೆರಗಿನಿಂದ ಗೋಡೆ ಒರೆಸಿ, ಒದ್ದೆಯಾದ ಸೆರಗನ್ನು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದರು.

ಉಣ್ಣುವುದರಲ್ಲಿ ಅಂಥವಳನ್ನು ನಾನು ಕಂಡಿಲ್ಲ. ಬಡಿಸಿದ್ದನ್ನು ಒಂದಗುಳು ಬಿಡುತ್ತಿರಲಿಲ್ಲ. ಸುಮ್ಮನೆ ಚೆನ್ನಾಗಿದೆ ಅನ್ನುವವಳೂ ಅಲ್ಲ. ಏನು ಚೆನ್ನಾಗಿದೆ ಅಂತ ಹೇಳುತ್ತಿದ್ದಳು. ಜುಬೇದಾ ಒಂದು ದಿನ ಮೆಣಸಿನಕಾಯಿಯನ್ನು ಎಂದಿಗಿಂತ ತುಸು ಹೆಚ್ಚು ಹುರಿದಿದ್ದರು. ಅವಳಿಗೆ ಅದು ತಕ್ಷಣ ಗೊತ್ತಾಯಿತು, ‘ಇದು ಹಿಂಗ ಇರ್ಲಿ ರೀ, ಭಾಳ ಚೊಲೊ ಆಗೇತಿ’ ಅಂದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಗಂಡ ಒಂದು ದಿನ ಆ ಮಾತು ಆಡಿದ್ದಿಲ್ಲ ಎಂದು ಜುಬೇದಾ ನನ್ನ ಮುಂದೆ ಕಣ್ಣು ಒರೆಸಿಕೊಂಡರು. ಬಷೀರ್ ಸಾಬರು ಕುಕ್ಕರಿನ ರಬ್ಬರು ಹುಡುಕುವವರ ಹಾಗೆ ಆಚೆ ತಿರುಗಿದರು. ತಿಪ್ಪೇಸ್ವಾಮಿ ಒಂಟಿ ಮನುಷ್ಯ, ಅವನಿಗೆ ಬರುವುದು ಚಿತ್ರಾನ್ನ ಒಂದೇ. ಅವಳ ಸರದಿಯಂದೆಲ್ಲ ಅದನ್ನೇ ಮಾಡುತ್ತಿದ್ದ. ಮೇಷ್ಟ್ರ ಮನೆಯ ತಿಳಿಸಾರು, ಗಿರಣಿಯ ಅಕ್ಕತಂಗಿಯರ ಅವರೆಕಾಳಿನ ಹುಳಿ, ಎಲ್ಲದಕ್ಕೂ ಅವಳ ಹತ್ತಿರ ಅದರದೇ ಆದ ಒಂದು ಮಾತು ಇತ್ತು. ಊಟ ಮುಗಿದ ಮೇಲೆ ಕಾಳು ಆರಿಸಲು ಕೂರುವಳು. ಯಾವ ಕಾಳು ಮೊಳೆಯುತ್ತದೆ, ಯಾವುದು ಸತ್ತಿದೆ ಎಂದು ಅಂಗೈಯಲ್ಲಿ ಹರಡಿ ತೋರಿಸುವಳು. ಗಾಣದ ಬೀದಿಯವರು ತಮ್ಮ ಮನೆಯ ಬೇಳೆಯನ್ನು ಹಾಗೆ ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

ಇಪ್ಪತ್ತು ದಿನ ಕಳೆಯಿತು. ಕೋಣೆ ಬಂತು, ಆದರೆ ಹಂಚಿಕೊಂಡು ಬಂತು.

ಪುಟ್ಟತಾಯಮ್ಮನ ಹಿತ್ತಿಲಲ್ಲಿ ಬರೀ ನೆಲ. ಕೆಂಪಗೆ, ನುಣ್ಣಗೆ, ಮುಖ ಕಾಣುವಂಥ ನೆಲ, ಸುತ್ತ ಗೋಡೆಯಿಲ್ಲ. ಜುಬೇದಾರ ಅಂಗಳದಲ್ಲಿ ಮೊಣಕೈ ಮಡಿಸಿದ ಹಾಗೆ ಎರಡು ಗೋಡೆ, ನಡುವೆ ಅಚ್ಚುಕಟ್ಟಾದ ಒಂದು ಗೂಡು. ಗಿರಣಿಯ ಅಂಗಳದ ಮೇಲೆ ಒಂದು ಸೂರು, ಕೆಳಗೆ ಕಂಬವೂ ಇಲ್ಲ, ಗೋಡೆಯೂ ಇಲ್ಲ, ತನ್ನ ಪಾಡಿಗೆ ತಾನು ನಿಂತಿತ್ತು. ಮೇಷ್ಟ್ರ ಅಡಿಗೆಮನೆಯಲ್ಲಿ ಸರಳು ಹಾಕಿದ ಚೆಂದದ ಕಿಟಕಿ. ತೆಗೆದರೆ ಹಿಂದೆ ಅದೇ ಹಳೇ ಗೋಡೆ. ತಿಪ್ಪೇಸ್ವಾಮಿಯ ಅಂಗಡಿಯೊಳಗೆ ಹಲಸಿನ ಮರದ ಬಾಗಿಲು, ಅದರ ಹಿಂದೆಯೂ ಗೋಡೆ. ಅವರಿಗೇನೂ ಬೇಜಾರಿಲ್ಲ. ಅಕ್ಕತಂಗಿಯರು ಸೂರಿನ ಕೆಳಗೆ ಮೆಣಸಿನಕಾಯಿ ಒಣಗಿಸಿದರು. ತಿಪ್ಪೇಸ್ವಾಮಿ ಬಾಗಿಲಿನ ಮೇಲೆ ಹೊಲಿದ ಶರ್ಟುಗಳನ್ನು ನೇತುಹಾಕಿದ. ಪುಟ್ಟತಾಯಮ್ಮ ನೆಲದ ಮೇಲೆ ಮಧ್ಯಾಹ್ನದ ನಿದ್ದೆ ಮಾಡಿ, ನಾಲ್ಕು ವರ್ಷದಲ್ಲಿ ಇಂಥ ನಿದ್ದೆ ಬಂದಿರಲಿಲ್ಲ ಎಂದರು.

ಬೇಜಾರು ನನಗೆ. ಇಪ್ಪತ್ತನಾಲ್ಕನೆಯ ದಿನ ಕುಲಸಚಿವರು ಕರೆದರು. ಕುಲಸಚಿವ ಸೋಮಶೇಖರಯ್ಯನವರು ಕೆಟ್ಟವರಲ್ಲ, ನಿಯಮದವರು. ಮೂರು ವರ್ಷಕ್ಕೊಬ್ಬರಂತೆ ಹೊರಗಿನಿಂದ ಬರುವ ಹುದ್ದೆ ಅದು. ಅವರು ಸಿಮೆಂಟಿನ ಕ್ವಾರ್ಟರ್ಸಿನಲ್ಲಿದ್ದರು, ಅಡಿಗೆಯವನನ್ನು ತಮ್ಮ ಜೊತೆಯಲ್ಲೇ ಕರೆದುಕೊಂಡು ಬಂದಿದ್ದರು, ಊರಿನಲ್ಲಿ ಒಬ್ಬರ ಮನೆಯಲ್ಲೂ ಒಂದು ತುತ್ತು ಉಂಡವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಬೋರಯ್ಯನವರೇ, ಕೋಣೆ ಅಂದರೆ ನೆಲ, ಗೋಡೆ, ಸೂರು, ಬಾಗಿಲು. ಒಂದು ಮನೆ, ಆ ಮನೆಯವರೊಬ್ಬರ ಸಹಿ. ಅಷ್ಟಿದ್ದರೆ ಚೀಟಿ ತನ್ನಿ. ಇಲ್ಲದಿದ್ದರೆ ಆ ಹುಡುಗಿಗೆ ಈಗಲೇ ಹೇಳಿಬಿಡಿ, ಕೊನೇ ದಿನ ಹೇಳುವುದು ಅನ್ಯಾಯ.”

ಹುಡುಗಿಗೆ ಹೇಳಲು ಮನಸ್ಸು ಬರಲಿಲ್ಲ. ಗಾಣದ ಬೀದಿಗೆ ಹೋದೆ. ಉಳಿದ ದಿನಗಳಲ್ಲಿ ಎರಡು ಹೊತ್ತೂ ಒಂದೇ ಮನೆಯಲ್ಲಿ ಉಂಡರೆ ಅಲ್ಲಿ ಕೋಣೆ ತುಂಬಿಕೊಳ್ಳಬಹುದು ಎಂಬ ಆಸೆ. ಐವರನ್ನೂ ಕೂರಿಸಿ ಮಾತಾಡಿದ್ದರೆ ಆಗುತ್ತಿತ್ತು. ಯಾರ ಮುಖ ಯಾರ ಮುಂದೆ ಸಣ್ಣದಾಗುತ್ತದೋ ಎಂದು ಹೆದರಿ ಒಂದೊಂದೇ ಮನೆಗೆ ಹೋಗಿ ಗುಟ್ಟಾಗಿ ಹೇಳಿದೆ. ಒಂದೇ ಮನೆಯಾಗಬೇಕು, ಇಲ್ಲವಾದರೆ ಹುಡುಗಿಯ ಓದು ಹೋಯಿತು. ಪುಟ್ಟತಾಯಮ್ಮ ಆ ಕೆಂಪು ನೆಲವನ್ನು ಬರಿಗೈಯಿಂದ ಸವರಿದರು. “ಆಯ್ತು ಬೋರಯ್ಯ, ನೀ ಹೋಗು” ಅಂದರು. ಉಳಿದ ನಾಲ್ವರೂ ಹೆಚ್ಚು ಕಡಿಮೆ ಹಾಗೇ ಅಂದರು. ಎಲ್ಲರೂ ಸೇರಿ ಒಂದು ಮನೆಯನ್ನು ಗೊತ್ತು ಮಾಡುತ್ತಾರೆಂದು ನಾನು ನಿರಾಳವಾಗಿ ಮನೆಗೆ ಬಂದು ಮಲಗಿದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಮಾರನೆಯ ದಿನ ಪುಟ್ಟತಾಯಮ್ಮನ ಸರದಿ. ದಾಕ್ಷಾಯಣಿ ಹೋದಾಗ ಬಾಗಿಲು ಅರ್ಧ ಮುಚ್ಚಿತ್ತು.

“ಇವತ್ತು ಒಲೆ ಹಚ್ಚಿಲ್ಲ ಕಣಮ್ಮ, ನಂಗೆ ಒಪ್ಪೊತ್ತು” ಎಂದರು ಒಳಗಿನಿಂದಲೇ. ಸುಳ್ಳಾದರೂ ಪೂರ್ತಿ ಸುಳ್ಳಾಗಬಾರದೆಂದು ಆ ದಿನ ನಿಜಕ್ಕೂ ಒಲೆ ಹಚ್ಚಿರಲಿಲ್ಲ. ಅದರ ಮಾರನೆಯ ದಿನ ತಿಪ್ಪೇಸ್ವಾಮಿಯ ಅಂಗಡಿಗೆ ಬೀಗ. ಅವನು ಬೀಗ ಹಾಕಿಕೊಂಡು ಕೆರೆ ಏರಿಯ ಮೇಲೆ ಹಸಿದುಕೊಂಡು ಕೂತಿದ್ದ. ಮೂರನೆಯ ದಿನ ಜುಬೇದಾ, ತನಗೆ ಮೈ ಸರಿಯಿಲ್ಲ, ಅಡಿಗೆ ಆಗಲಿಲ್ಲ ಎಂದು ಹೇಳಿ ಒಳಗೆ ಹೋಗಿ ಅತ್ತರು. ಪ್ರತಿಯೊಬ್ಬರೂ ಅಂದುಕೊಂಡದ್ದು ಒಂದೇ. ನಾನು ಬಿಟ್ಟುಕೊಡುತ್ತೇನೆ, ಉಳಿದ ನಾಲ್ವರಲ್ಲಿ ಯಾರಾದರೊಬ್ಬರ ಮನೆಯಲ್ಲಿ ಅವಳು ದಿನವೂ ಉಂಡು ಕೋಣೆ ಪಡೆಯಲಿ, ನಮ್ಮ ಮನೆಗೆ ಬರದಿದ್ದರೆ ಬೇಡ. ನಾಲ್ಕು ವರ್ಷ ಕಾದು ಬಂದ ನೆಲವನ್ನು, ಗೋಡೆಯನ್ನು, ಬಾಗಿಲನ್ನು ಒಬ್ಬೊಬ್ಬರೂ ಗುಟ್ಟಾಗಿ ಕೈಬಿಟ್ಟಿದ್ದರು. ಇಷ್ಟು ಒಳ್ಳೆಯ ಜನ ಇಷ್ಟು ದೊಡ್ಡ ಎಡವಟ್ಟು ಮಾಡಿದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಕರೆಯದ ಮನೆಗೆ ಹೋಗಿ ಊಟ ಕೇಳುವುದು ದಾಕ್ಷಾಯಣಿಗೆ ಗೊತ್ತಿರಲಿಲ್ಲ. ಕಡತಗಳ ನಡುವೆ ಕೂತು ತನ್ನ ಗಂಟು ಬಿಚ್ಚಿ ಒಣರೊಟ್ಟಿ ಮುರಿದು ತಿಂದಳು. ಎರಡನೆಯ ದಿನ ಚಟ್ನಿ ಮುಗಿಯಿತು, ರೊಟ್ಟಿಯ ಚೂರುಗಳೂ ಮುಗಿದವು. ಮೂರನೆಯ ದಿನ ನೀರು ಕುಡಿದು ತರಗತಿಗೆ ಹೋದಳು. ಅವಳಿಗೆ ಹಸಿವಿಗಿಂತ ಹೆಚ್ಚು ಚುಚ್ಚಿದ್ದು ಬೇರೆ. ನಾನೇನು ತಪ್ಪು ಮಾಡಿದೆ, ಯಾವ ಮಾತು ಆಡಿದೆ, ಒಬ್ಬರಾದ ಮೇಲೊಬ್ಬರು ಯಾಕೆ ಬಾಗಿಲು ಹಾಕಿಕೊಂಡರು ಎಂದು ಒಂದೊಂದು ಊಟವನ್ನೂ ನೆನೆಸಿಕೊಂಡು ತಪ್ಪು ಹುಡುಕಿದಳು. ಮುದ್ದೆ ಅಗಿದದ್ದೇ ತಪ್ಪಾಯಿತೇನೋ ಎಂದು ಕೂಡ ಅಂದುಕೊಂಡಳಂತೆ. ಇದನ್ನು ಅವಳು ನಗುತ್ತ ಹೇಳಿದಾಗ ನನಗೆ ನಗು ಬರಲಿಲ್ಲ.

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಅವಳು ನನ್ನ ಮೇಜಿನ ಮೇಲೆ ಒಂದು ಅರ್ಜಿ ಇಟ್ಟಳು. ಪ್ರವೇಶ ಹಿಂತೆಗೆದುಕೊಳ್ಳುವ ಅರ್ಜಿ. ಕಾರಣ ಎಂಬಲ್ಲಿ ‘ಸ್ವಂತ’ ಎಂದು ಬರೆದಿತ್ತು. ಮುಖ ಬಾಡಿತ್ತು.

“ಊಟ ಆಯ್ತೇನಮ್ಮ?” ಎಂದೆ.

“ಆತ್ರಿ” ಅಂದಳು, ನನ್ನ ಮುಖ ನೋಡದೆ. “ಬಸ್ಸು ಹನ್ನೊಂದಕ್ಕ ಐತ್ರಿ. ಬೀದಿಯವ್ರಿಗೆ ಒಂದ್ ಮಾತ್ ಹೇಳಿ ಹೋಗ್ತೇನ್ರಿ. ಉಂಡ ಮನಿ, ಹೇಳದ ಹೋಗಬಾರ್ದು.”

ಅವಳು ಟ್ರಂಕು ತರಲು ಒಳಗೆ ಹೋದಳು. ನಾನು ಅರ್ಜಿಯನ್ನು ಜೇಬಿಗೆ ತುರುಕಿಕೊಂಡು ಅವಳಿಗಿಂತ ಮುಂಚೆ ಗಾಣದ ಬೀದಿಗೆ ಓಡಿದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೀದಿಯ ನಡುವೆ ನಿಂತು, ಜೀವಮಾನದಲ್ಲಿ ಏರಿಸದ ದನಿ ಏರಿಸಿದೆ. ಆ ಮಗು ಊರು ಬಿಟ್ಟು ಹೋಗುತ್ತಿದೆ, ನಿಮ್ಮಲ್ಲಿ ಯಾರೂ ಒಂದು ತುತ್ತು ಹಾಕಲಿಲ್ಲವೇ, ನಿಮ್ಮ ಮನೆಗಳು ಇದ್ದರೆಷ್ಟು ಬಿಟ್ಟರೆಷ್ಟು ಎಂದೆ. ಐದು ಬಾಗಿಲುಗಳೂ ತೆರೆದವು.

“ಜುಬೇದಾ ಮನೇಲಿ ಉಣ್ತಾ ಇಲ್ವಾ ಅವಳು?” ಎಂದರು ಪುಟ್ಟತಾಯಮ್ಮ.

“ಯಾ ಅಲ್ಲಾ! ನಮ್ಮನೇಲಿ ಎಲ್ಲಿ? ಮೇಷ್ಟ್ರ ಮನೇಲಿ ಅಂತ ನಾನು...”

“ನಾವು ಗಿರಣಿಯವರ ಮನೆಯಲ್ಲಿ ಅಂದುಕೊಂಡಿದ್ದೆವು” ಎಂದರು ಮೇಷ್ಟ್ರು, ಬಿಳಿಚಿಕೊಂಡು.

ಆಮೇಲೆ ನಡೆದದ್ದು ಜಗಳ. ನಿಮ್ಮ ಸೂರು ಅಷ್ಟು ಚೆನ್ನಾಗಿತ್ತಲ್ಲ, ನೀವು ಯಾಕೆ ಹಾಕಲಿಲ್ಲ? ನಿಮ್ಮ ಗೋಡೆ ಇತ್ತಲ್ಲ, ನೀವು ಯಾಕೆ ಬಿಟ್ಟಿರಿ? ನಿನ್ನ ಬಾಗಿಲಿಗೆ ಬೀಗ ಹಾಕು ಅಂತ ನಿನಗೆ ಯಾರು ಹೇಳಿದರು? ಊಟ ಹಾಕಿದ್ದಕ್ಕೆ ಜಗಳವಾಗುವುದು ಕೇಳಿದ್ದೇನೆ. ನೀವೇ ಯಾಕೆ ಹಾಕಲಿಲ್ಲ ಎಂದು ಒಬ್ಬರ ಮೇಲೊಬ್ಬರು ಬೀಳುವ ಜಗಳ ಅದೇ ಮೊದಲು. ತಿಪ್ಪೇಸ್ವಾಮಿ ಅಳುತ್ತಲೇ ಬೈಯುತ್ತಿದ್ದ.

ಟ್ರಂಕು ಹೊತ್ತ ದಾಕ್ಷಾಯಣಿ ಬೀದಿಯ ತಿರುವಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಯಾರೋ ಅವಳನ್ನು ನೋಡಿದರು, ಜಗಳ ನಿಂತಿತು. ಪುಟ್ಟತಾಯಮ್ಮ ಮುಂದೆ ಬಂದು ಅವಳ ಗಲ್ಲ ಹಿಡಿದೆತ್ತಿದರು.

“ಸುಳ್ಳು ಹೇಳ್ಬೇಡ. ಉಂಡು ಎಷ್ಟು ದಿನ ಆಯ್ತು?”

ಯಾವ ಮನೆಯಲ್ಲೂ ಇನ್ನೊಂದು ತುತ್ತು ಕೇಳದವಳು, ಯಾವತ್ತೂ ‘ಸಾಕ್ರಿ’ ಅನ್ನುತ್ತಿದ್ದವಳು, ಟ್ರಂಕನ್ನು ಕೆಳಗಿಟ್ಟು ಅದರ ಮೇಲೇ ಕೂತುಬಿಟ್ಟಳು.

“ಮೂರ್ ದಿನಾತ್ರಿ. ಭಾಳ ಹಸಿವಾಗೇತ್ರಿ, ಅವ್ವಾರ” ಅಂದಳು.

ಐದು ಅಡಿಗೆಮನೆಗಳಿಗೂ ಏಕಕಾಲಕ್ಕೆ ಜನ ಓಡಿದರು. ಸರದಿ ಯಾರದೆಂದು ಯಾರೂ ಕೇಳಲಿಲ್ಲ. ಬೀದಿಯ ನಡುವೆ ದೊಡ್ಡ ಹರಿವಾಣ ಬಂತು. ಅದರಲ್ಲಿ ಒಂದು ಕಡೆ ಮುದ್ದೆ, ಒಂದು ಕಡೆ ಜುಬೇದಾರ ತುಪ್ಪದನ್ನ, ಮೇಷ್ಟ್ರ ಮನೆಯ ಸಾರು, ಗಿರಣಿಯವರ ಹುಳಿ. ತಿಪ್ಪೇಸ್ವಾಮಿಯ ಅವಸರಕ್ಕೆ ಸಾಸಿವೆ ಸೀದಿತ್ತು, ಆದರೂ ಚಿತ್ರಾನ್ನ ತಂದು ಸುರಿದ. ಅವಳು ಎಲ್ಲವನ್ನೂ ಉಂಡಳು. ಕಣ್ಣೀರು ಹರಿವಾಣಕ್ಕೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಉಂಡಳು. ಹನ್ನೊಂದರ ಬಸ್ಸು ಹೋಗುವ ಸದ್ದು ಕೇಳಿಸಿತು. ನಾನು ಜೇಬಿನಲ್ಲಿದ್ದ ಅರ್ಜಿಯನ್ನು ಹರಿದೆ.

ಮಾರನೆಯ ದಿನ ಬೆಳಿಗ್ಗೆ ತಿಪ್ಪೇಸ್ವಾಮಿ ಕಾಲರಿನಲ್ಲಿ ಸೂಜಿ ಚುಚ್ಚಿಕೊಂಡೇ ನನ್ನ ಮನೆಗೆ ಓಡಿ ಬಂದ. ಶರ್ಟು ತಗುಲಿಸಲು ಬಾಗಿಲು ಎಳೆದನಂತೆ, ಹಿಂದೆ ಗೋಡೆ ಇರಲಿಲ್ಲವಂತೆ. ನಾನು ಟೇಪು ಹಿಡಿದು ಹೋದೆ. ಅವನ ಅಂಗಡಿಯೊಳಗಿನ ಆ ಬಾಗಿಲು ತೆಗೆದು ಕಾಲಿಟ್ಟರೆ ಕಾಲು ಬಿದ್ದದ್ದು ಪುಟ್ಟತಾಯಮ್ಮನ ಕೆಂಪು ನೆಲದ ಮೇಲೆ. ಎಡಕ್ಕೂ ಎದುರಿಗೂ ಜುಬೇದಾರ ಗೋಡೆಗಳು, ಗೂಡಿನ ಸಮೇತ. ಬಲಕ್ಕೂ ಹಿಂದಕ್ಕೂ ಹೊಸ ಗೋಡೆ ಬಂದು ಸೇರಿತ್ತು. ತಲೆಯ ಮೇಲೆ ಗಿರಣಿಯ ಸೂರು, ಸಣ್ಣಗೆ ಹಿಟ್ಟಿನ ವಾಸನೆ. ಕಿಟಕಿ ತೆಗೆದರೆ ಮೇಷ್ಟ್ರ ಹೆಂಡತಿ ಅವರ ಅಡಿಗೆಮನೆಯಲ್ಲಿ ಕಾಫಿ ಸೋಸುತ್ತ, ‘ಯಾರದು?’ ಎಂದು ಕೇಳಿದರು. ಈ ಐದೂ ಮನೆಗಳು ಬೀದಿಯ ಎರಡು ಬದಿಗೆ, ಒಂದಕ್ಕೊಂದು ಮೂವತ್ತು ನಲವತ್ತು ಮಾರು ದೂರದಲ್ಲಿವೆ. ನಾನು ಅದನ್ನು ಯೋಚಿಸಲು ಹೋಗಲಿಲ್ಲ. ಅಳೆದೆ. ಹತ್ತಕ್ಕೆ ಒಂಬತ್ತು ಅಡಿ. ಒಳ್ಳೆಯ ಕೋಣೆ.

ದಾಕ್ಷಾಯಣಿ ಟ್ರಂಕನ್ನು ಒಳಗಿಟ್ಟು, ಗೂಡಿನಲ್ಲಿ ತನ್ನ ಬೀಜದ ಪೊಟ್ಟಣಗಳನ್ನು ಸಾಲಾಗಿ ಜೋಡಿಸಿದಳು. ಆಗ ಎಲ್ಲರಿಗೂ ಕೋಣೆ ಬಂದ ಖುಷಿ. ಚೀಟಿಯ ನೆನಪಾದದ್ದು ನನಗೊಬ್ಬನಿಗೆ. ಮನೆಯವರ ಸಹಿ ಎಂಬ ಒಂದೇ ಗೆರೆ ಅದರಲ್ಲಿತ್ತು. ಬಾಗಿಲು ಅವನದು, ಅವನೇ ಹಾಕಲಿ ಎಂದರು ಪುಟ್ಟತಾಯಮ್ಮ. ನೆಲವಿಲ್ಲದ ಬಾಗಿಲಿಗೆ ಯಾವ ಸಹಿ, ನೀವೇ ಹಾಕಿ ಎಂದ ತಿಪ್ಪೇಸ್ವಾಮಿ. ಮತ್ತೆ ಅದೇ ಶುರುವಾಯಿತು. ಒಬ್ಬರೂ ಇನ್ನೊಬ್ಬರನ್ನು ಬಿಟ್ಟು ಸಹಿ ಹಾಕಲು ಒಪ್ಪಲಿಲ್ಲ. ಕೊನೆಗೆ ಐವರೂ ಸೇರಿ ಒಂದೇ ಗೆರೆಯ ಮೇಲೆ ಒತ್ತೊತ್ತಾಗಿ ಸಹಿ ಹಾಕಿದರು.

ಮೂವತ್ತನೆಯ ದಿನ ಕುಲಸಚಿವರು ಆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ದಾಕ್ಷಾಯಣಿ ನನ್ನ ಪಕ್ಕದಲ್ಲಿ ನಿಂತಿದ್ದಳು.

“ಇದು ಯಾರ ಮನೆ?” ಎಂದರು.

“ಐದು ಮನೆಯವರದೂ ಸೇರಿ, ಸರ್...” ಎಂದೆ.

“ಐದು ಜನರ ಮನೆ ಅಂದರೆ ಯಾರ ಮನೆಯೂ ಅಲ್ಲ. ಯಾರ ಮನೆಯೂ ಅಲ್ಲದ ಜಾಗವನ್ನು ವಾಸ ಅಂತ ನಾನು ಹೇಗೆ ಬರೆಯಲಿ ಬೋರಯ್ಯನವರೇ? ನಾಳೆ ಇದರ ಮೇಲೆ ಒಂದು ಪ್ರಶ್ನೆ ಬಂದರೆ ಈ ಮಗುವಿನ ಡಿಗ್ರಿಯೇ ಬಿದ್ದುಹೋಗುತ್ತದೆ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ದಾಕ್ಷಾಯಣಿ ಆವತ್ತಿನ ತನಕ ದೊಡ್ಡವರಿಗೆ ಎದುರಾಡಿದವಳಲ್ಲ.

“ಸರ್, ಬರೇ ಹಾಳ್ಯಾಗ ನೋಡಬ್ಯಾಡ್ರಿ” ಅಂದಳು. “ಒಮ್ಮೆ ಬಂದು ಕೋಣಿ ನೋಡ್ರಿ. ನೋಡಿ ಆಗಂಗಿಲ್ಲ ಅಂದ್ರ ನಾ ಸುಮ್ನ ಹೋಗ್ತೇನ್ರಿ.”

ಕುಲಸಚಿವರು ಗಡಿಯಾರ ನೋಡಿ, ಚೀಟಿಯನ್ನು ಜೇಬಿಗಿಟ್ಟು, ಕೊಡೆ ತೆಗೆದುಕೊಂಡು ಎದ್ದರು. ನಡೆದುಕೊಂಡು ಹೋಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಅವರು ಟೈಲರ್ ಅಂಗಡಿಯ ಬಾಗಿಲಲ್ಲಿ ಒಳಗೆ ಬಂದು, ನೆಲ ನೋಡಿ, ಗೋಡೆ ತಟ್ಟಿ, ಕಿಟಕಿಯಲ್ಲಿ ಮೇಷ್ಟ್ರಿಗೆ ನಮಸ್ಕಾರ ಹೇಳಿ, ಕೋಣೆಯ ನಡುವೆ ನಿಂತು ಉಸ್ಸೆಂದರು. “ಕೋಣೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ನನ್ನ ಪ್ರಶ್ನೆ ಹಾಗೇ ಉಳಿಯಿತು” ಎಂದರು. ಬಾಗಿಲಲ್ಲಿ ತುಂಬಿಕೊಂಡಿದ್ದ ಐದು ಮನೆಯವರ ಮುಖ ಇಳಿಯಿತು.

ದಾಕ್ಷಾಯಣಿಗೆ ಎಲ್ಲಕ್ಕಿಂತ ಮೊದಲು ಕಂಡದ್ದು ಬೇರೆ. ಮಧ್ಯಾಹ್ನ ಒಂದು ಗಂಟೆ, ಮನೆಗೆ ಬಂದ ಹಿರಿಯರು ಬಿಸಿಲಲ್ಲಿ ನಡೆದು ಬಂದಿದ್ದಾರೆ, ಉಂಡಿಲ್ಲ. ಚೀಟಿ ಸಿಗುವುದೋ ಬಿಡುವುದೋ, ಹಾಗೇ ಕಳಿಸುವುದು ಅವಳಿಂದ ಆಗದ ಕೆಲಸ.

“ಆಗಂಗಿಲ್ಲ ಅನ್ನೂದ ಇದ್ರ ಉಂಡ್ ಮ್ಯಾಲ ಅನ್ರಿ ಸರ್. ಕೂಡ್ರಿ” ಎಂದು ಚಾಪೆ ಹಾಸಿದಳು.

ಗಿರಣಿಯ ಅಕ್ಕತಂಗಿಯರು ಹಿಂದಿನ ದಿನ ಅವಳಿಗಾಗಿ ಜೋಳ ಬೀಸಿ ಕೊಟ್ಟಿದ್ದರು. ಬಷೀರ್ ಸಾಬರು ಸರಿಮಾಡಿದ ಸ್ಟೌ ಮೂಲೆಯಲ್ಲಿತ್ತು. ಅವಳು ಹಿಟ್ಟು ನಾದಿ, ರೊಟ್ಟಿಯನ್ನು ಪಟಪಟ ಬಡಿಯುವ ಸದ್ದಿಗೆ ಬೀದಿಯೇ ಕಿವಿಗೊಟ್ಟಿತು. ಅಲ್ಲಿ ಯಾರೂ ಅಂಥ ರೊಟ್ಟಿ ಕಂಡವರಲ್ಲ. ಕುಲಸಚಿವರು ಬೇಡ ಅನ್ನಲು ಬಾಯಿ ತೆರೆದರು, ಅವಳು ಬೆಳಿಗ್ಗೆ ಮಾಡಿಟ್ಟಿದ್ದ ಬದನೆಕಾಯಿ ಎಣ್ಣೆಗಾಯಿಯ ವಾಸನೆಗೆ ಮುಚ್ಚಿಕೊಂಡರು. ಗೋಡೆಗೆ ಒರಗಿ ಕೂತು ಮೊದಲ ತುತ್ತು ತಿಂದರು. ಎರಡನೆಯದು ತಿಂದರು. ಬಾಗಿಲಲ್ಲಿ ನಿಂತಿದ್ದ ಪುಟ್ಟತಾಯಮ್ಮ ಒಮ್ಮೆಗೇ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಬೋರಯ್ಯ, ಗೋಡೆ ನೋಡು!”

ಕುಲಸಚಿವರ ಬೆನ್ನ ಹಿಂದಿನ ಗೋಡೆ ಬೆವರುತ್ತಿತ್ತು. ಹನಿ ಹನಿಯಾಗಿ, ಒಂದರ ಹಿಂದೊಂದು, ಕೆಂಪು ನೆಲದ ಮೇಲೆ ಇಳಿಯುತ್ತಿತ್ತು. ಕುಲಸಚಿವರು ಅಂಗಿಯ ಬೆನ್ನು ಒದ್ದೆಯಾದದ್ದು ತಿಳಿದು ತಿರುಗಿದರು. ಎಡಗೈಯ ಬೆರಳು ಗೋಡೆಗೆ ಒತ್ತಿ, ಒದ್ದೆ ಬೆರಳನ್ನು ಬಹಳ ಹೊತ್ತು ನೋಡಿದರು. ಎರಡು ವರ್ಷದಿಂದ ಈ ಊರಿನಲ್ಲಿದ್ದವರು, ಅದು ಏನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊರಗಿನವರಿಗೆ ಊಟ ಹಾಕಿದರೆ ನಮ್ಮಲ್ಲಿ ಮನೆ ಬೆವರುತ್ತದೆ, ಮನೆ ಮಾತ್ರ ಬೆವರುತ್ತದೆ. ಊಟ ಹಾಕಿದವರು ಯಾರೋ ಅವರದೇ ಆ ಮನೆ.

ಕುಲಸಚಿವರು ಎಡಗೈಯಿಂದಲೇ ಜೇಬು ತಡಕಿ ಚೀಟಿ ತೆಗೆದರು. ಐದು ಸಹಿಗಳನ್ನೂ ಒಂದು ಗೆರೆ ಎಳೆದು ಹೊಡೆದುಹಾಕಿ, ಪೆನ್ನನ್ನು ದಾಕ್ಷಾಯಣಿಯ ಕಡೆ ಚಾಚಿದರು.

“ಮನೆಯವರು ಸಹಿ ಮಾಡಬೇಕು” ಎಂದರು.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಐವರ ಕಡೆ ತಿರುಗಿ ನೋಡಿದಳು. ತಮ್ಮ ಸಹಿ ಹೋದದ್ದಕ್ಕೆ ಅವರಲ್ಲಿ ಒಬ್ಬರ ಮುಖವೂ ಚಿಕ್ಕದಾಗಿರಲಿಲ್ಲ. ಜುಬೇದಾ ಅವಳ ಸೊಂಟಕ್ಕೆ ಮೆಲ್ಲಗೆ ತಿವಿದು, “ಹಾಕು ಮಗಳೇ, ನಿನ್ನ ಮನೆ” ಎಂದರು. ದಾಕ್ಷಾಯಣಿ ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಪೆನ್ನು ಹಿಡಿದು, ಮನೆಯವರ ಸಹಿ ಎಂಬ ಗೆರೆಯ ಕೆಳಗೆ ನಿಧಾನವಾಗಿ ತನ್ನ ಹೆಸರು ಬರೆದಳು. ಆಮೇಲೆ ಚೀಟಿಯನ್ನು ನನ್ನ ಕೈಗಿತ್ತು, ಹಂಚಿನ ಮೇಲೆ ಉಬ್ಬಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು.

“ಇನ್ನೊಂದ್ ಹಾಕ್ಲೇನ್ರಿ ಸರ್?”

ಕುಲಸಚಿವರು ತಟ್ಟೆ ಮುಂದೆ ಚಾಚಿದರು.